ನೋ ಸಿಗ್ನಲ್: ಮನೆಯಲ್ಲೇ ಕಟ್ಟಿದ ಮೀಡಿಯಾ ಪಿಸಿ ಮುನಿಸಿಕೊಂಡಾಗ

ಭಾನುವಾರದ ಸಂಜೆ. ನೆಂಟರ ಮಕ್ಕಳು ಹಾಲ್‌ನಲ್ಲಿ ಚಾಪೆ ಹಾಸಿ ಜಾಗ ಹಿಡಿದಾಗಿದೆ, ಅಡುಗೆಮನೆಯಿಂದ ಮಂಡಕ್ಕಿಯ ಡಬರಿ ಬಂದಿದೆ, ಟ್ಯೂಬ್‌ಲೈಟ್ ಆರಿದೆ. ಸಿನಿಮಾದ ಹೆಸರುಗಳು ಮೂಡುತ್ತಿದ್ದಂತೆ ಪರದೆ ಒಮ್ಮೆ ಮಿನುಗಿ ಕಪ್ಪಾಗುತ್ತದೆ. ಮೂಲೆಯಲ್ಲಿ ಪುಟ್ಟದೊಂದು ಚೌಕ ತೇಲತೊಡಗುತ್ತದೆ: ‘ನೋ ಸಿಗ್ನಲ್’.

‘ಟಿವಿ ಹೋಯ್ತು’ ಎನ್ನುತ್ತಾರೆ ಅಜ್ಜಿ. ‘ಟಿವಿ ಅಲ್ಲ ಅಮ್ಮಾ, ಇವನ ಆ ಡಬ್ಬಾ ಹೋಗಿರೋದು’ ಎಂಬ ಉತ್ತರ ಸೋಫಾದಿಂದ ಬರುತ್ತದೆ. ಡಬ್ಬಾದ ಒಡೆಯ ಆಗಲೇ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಟಿವಿಯ ಹಿಂದೆ ತೂರಿದ್ದಾನೆ. ಕೈಗೆ ಸಿಕ್ಕ ವೈರನ್ನೆಲ್ಲ ಒಂದೊಂದಾಗಿ ಎಳೆದು ಮತ್ತೆ ಚುಚ್ಚುತ್ತಿದ್ದಾನೆ. ಹತ್ತು ನಿಮಿಷದಲ್ಲಿ ಚಿತ್ರ ಮರಳಿದರೂ ಯಾವುದನ್ನು ಮುಟ್ಟಿದ್ದಕ್ಕೆ ಮರಳಿತು ಎಂದು ಅವನಿಗೂ ತಿಳಿದಿರುವುದಿಲ್ಲ. ಮುಂದಿನ ಭಾನುವಾರ ಅದೇ ಕಥೆ.

ಟಿವಿಗೆ ಕೂಡಿಸಿದ ಕಂಪ್ಯೂಟರಿನ, ಅಂದರೆ ಮನೆಯಲ್ಲೇ ಜೋಡಿಸಿದ ಮೀಡಿಯಾ ಪಿಸಿಯ ಸಂಕಟ ಇಲ್ಲಿಂದಲೇ ಶುರುವಾಗುತ್ತದೆ. ಮದರ್‌ಬೋರ್ಡ್ ಒಂದು ಕಂಪನಿಯದು, ಕರೆಂಟ್ ಹಂಚುವ ಎಸ್‌ಎಂಪಿಎಸ್ ಇನ್ನೊಂದರದು, ಟಿವಿ ಮತ್ತೊಂದರದು, ವೈರಿಂಗ್ ಬೀದಿಯ ಎಲೆಕ್ಟ್ರಿಷಿಯನ್ನನದು. ಒಟ್ಟು ವ್ಯವಸ್ಥೆಗೆ ಹೊಣೆ ಹೊರುವ ಕಸ್ಟಮರ್ ಕೇರ್ ಇಲ್ಲ. ಬಿಡಿಭಾಗಗಳು ಒಳಗಿಂದ ಸಾಯುವುದು ನಾವು ಅಂದುಕೊಂಡದ್ದಕ್ಕಿಂತ ಅಪರೂಪ. ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಒಂದು ಭಾಗ ಇನ್ನೊಂದನ್ನು ಸೇರುವ ಕಡೆ, ಅಂದರೆ ಪಿನ್ನು, ಸಾಕೆಟ್ಟು, ಕೇಬಲ್ಲು, ಅರ್ಥಿಂಗ್‌ಗಳಲ್ಲಿ. ಹುಡುಕಾಟವನ್ನು ಅಲ್ಲಿಂದ ಆರಂಭಿಸಿದರೆ ದುಡ್ಡೂ ಉಳಿಯುತ್ತದೆ, ಭಾನುವಾರವೂ ಉಳಿಯುತ್ತದೆ.

ಟಿವಿ ಕೆಳಗೆ ಕಂಪ್ಯೂಟರ್ ಬಂದ ಬಗೆ

ಸೋಫಾದಲ್ಲಿ ಕೂತು ರಿಮೋಟ್ ಹಿಡಿದು ಕಂಪ್ಯೂಟರ್ ನಡೆಸಬೇಕೆಂಬ ಆಸೆಗೆ ಎರಡು ದಶಕ ದಾಟಿದೆ. ಮೈಕ್ರೋಸಾಫ್ಟ್ 2002ರಲ್ಲಿ ವಿಂಡೋಸ್ ಎಕ್ಸ್‌ಪಿಯ ‘ಮೀಡಿಯಾ ಸೆಂಟರ್’ ಆವೃತ್ತಿಯನ್ನು ತಂದಿತು. ಅದೇ ಹೊತ್ತಿಗೆ ಎಕ್ಸ್‌ಬಾಕ್ಸ್ ಆಟದ ಯಂತ್ರವನ್ನು ಸಿನಿಮಾ ಪೆಟ್ಟಿಗೆಯಾಗಿ ಪಳಗಿಸಲು ಹವ್ಯಾಸಿಗಳು ಒಂದು ತಂತ್ರಾಂಶ ಬರೆದರು. ಎಕ್ಸ್‌ಬಿಎಂಸಿ ಎಂದು ಹೆಸರಾದ ಅದು 2014ರಲ್ಲಿ ‘ಕೋಡಿ’ ಆಯಿತು, ಇವತ್ತಿಗೂ ಜೀವಂತವಾಗಿದೆ. ಮೈಕ್ರೋಸಾಫ್ಟ್ ಮಾತ್ರ 2015ರ ವಿಂಡೋಸ್ 10ರಲ್ಲಿ ತನ್ನ ಮೀಡಿಯಾ ಸೆಂಟರನ್ನು ಕೈಬಿಟ್ಟಿತು.

ಯಂತ್ರವೂ ಕುಗ್ಗಿತು. 17 ಸೆಂಟಿಮೀಟರ್ ಚೌಕದ ‘ಮಿನಿ ಐಟಿಎಕ್ಸ್’ ಬೋರ್ಡು 2001ರಲ್ಲಿ ಬಂದಿತು. ಆಮೇಲೆ ಇಂಟೆಲ್ ಅಂಗೈಯಗಲದ ‘ನಕ್’ ಪೆಟ್ಟಿಗೆ ತಂದು, 2023ರಲ್ಲಿ ಆ ವ್ಯವಹಾರವನ್ನು ಏಸಸ್ ಕಂಪನಿಗೆ ದಾಟಿಸಿತು. ಅಮೆರಿಕದಲ್ಲಿ ಇಂಥ ಪಿಸಿಯ ದೊಡ್ಡ ಕೆಲಸ ಟಿವಿ ಕಾರ್ಯಕ್ರಮ ಮುದ್ರಿಸಿಕೊಳ್ಳುವುದಾಗಿತ್ತು. ನಮ್ಮಲ್ಲಿ ಸೆಟ್‌ಟಾಪ್ ಬಾಕ್ಸ್‌ನ ಬೀಗದಿಂದಾಗಿ ಅದು ಕೈಗೂಡಲಿಲ್ಲ. ನಮ್ಮವರು ಕಟ್ಟಿಕೊಳ್ಳುವುದು ಕೂಡಿಟ್ಟ ಸಿನಿಮಾ, ಹಾಡು, ಮದುವೆಯ ವಿಡಿಯೊ, ಒಂದಿಷ್ಟು ಸ್ಟ್ರೀಮಿಂಗ್‌ಗಾಗಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಕಚೇರಿಗಳಿಂದ ಹೊರಬಿದ್ದ ಹಳೆಯ ಡೆಸ್ಕ್‌ಟಾಪ್‌ಗಳ ರಾಶಿಯೇ ಸಿಗುತ್ತದೆ. ಎಷ್ಟೋ ಮನೆಯ ಮೀಡಿಯಾ ಪಿಸಿಗಳ ತವರು ಅದೇ.

ಮೊದಲು ತಿಳಿಯಬೇಕಾದ್ದು: ಸತ್ತಿದೆಯೋ, ಮಾತು ಬಿಟ್ಟಿದೆಯೋ?

ಪರದೆ ಕಪ್ಪಾದರೆ ಕಂಪ್ಯೂಟರ್ ಸತ್ತಿದೆ ಎಂದೇನಿಲ್ಲ. ಕೀಬೋರ್ಡಿನ ಕ್ಯಾಪ್ಸ್‌ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಒಳಗೆ ಯಂತ್ರ ಎಚ್ಚರವಾಗಿದೆ, ಚಿತ್ರ ಮಾತ್ರ ಟಿವಿಗೆ ತಲುಪುತ್ತಿಲ್ಲ. ದೀಪ ಕದಲದಿದ್ದರೆ ಯಂತ್ರ ಹ್ಯಾಂಗ್ ಆಗಿದೆ, ಇಲ್ಲವೇ ಶುರುವೇ ಆಗಿಲ್ಲ. ಟಿವಿಯ ಮೆನು ಬಟನ್ ಒತ್ತಿ. ಮೆನು ಮೂಡಿದರೆ ಟಿವಿ ಸರಿಯಾಗಿದೆ. ಅರ್ಧ ನಿಮಿಷದಲ್ಲಿ ಮುಗಿಯುವ ಈ ಎರಡು ಪರೀಕ್ಷೆಗಳು ಹುಡುಕಬೇಕಾದ ಜಾಗವನ್ನು ಅರ್ಧಕ್ಕಿಳಿಸುತ್ತವೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಎರಡನೆಯ ನಿಯಮ. ಕೇಬಲ್ ಬದಲಿಸಿದಿರಾ? ನೋಡಿ. ಆಗಲಿಲ್ಲವೇ? ಹಳೆಯದನ್ನೇ ಮತ್ತೆ ಹಾಕಿ, ಆಮೇಲೆ ಪೋರ್ಟ್ ಬದಲಿಸಿ. ಕೇಳಲು ಬೇಸರದ ಮಾತು, ಆದರೆ ಕೇಬಲ್, ರ‍್ಯಾಮ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಕದಲಿಸಿದವರಿಗೆ ರಿಪೇರಿಯಾದರೂ ಕಾರಣ ಸಿಗುವುದಿಲ್ಲ.

ಹೊಸದಾಗಿ ಜೋಡಿಸಿದ ಪೆಟ್ಟಿಗೆ ಮೊದಲ ದಿನವೇ ಚಿತ್ರ ಕೊಡದಿದ್ದರೆ ಅನುಮಾನಿಸಬೇಕಾದ್ದು ಜೋಡಣೆಯನ್ನು. ಪ್ರೊಸೆಸರ್‌ಗೆ ಪ್ರತ್ಯೇಕವಾಗಿ ಕರೆಂಟ್ ಕೊಡುವ ನಾಲ್ಕು ಅಥವಾ ಎಂಟು ಪಿನ್ನಿನ ವೈರನ್ನು ಸಿಕ್ಕಿಸಲು ಮರೆತರೆ ಫ್ಯಾನೆಲ್ಲ ತಿರುಗುತ್ತವೆ, ಚಿತ್ರ ಬರುವುದಿಲ್ಲ. ಬೋರ್ಡಿನ ಕೆಳಗೆ ಬೇಡದ ಜಾಗದಲ್ಲೊಂದು ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡನ್ನು ಎತ್ತಿ ಹಿಡಿಯುವ ಗೂಟ) ಉಳಿದರೆ ಶಾರ್ಟ್ ಆಗುತ್ತದೆ. ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು, ಅದು ಬಂದ ರಟ್ಟಿನ ಡಬ್ಬದ ಮೇಲಿಟ್ಟು, ಪ್ರೊಸೆಸರ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್ ಇಷ್ಟರಲ್ಲೇ ನಡೆಸಿ ನೋಡಿದರೆ ಇದು ಬಯಲಾಗುತ್ತದೆ.

ಇನ್ನೊಂದು ಬಲೆ ದುಬಾರಿಯದು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಎಎಂಡಿಯ ರೈಜೆನ್ 5 5600ರಲ್ಲೂ ಇಲ್ಲ, ಆದರೆ 5600ಜಿಯಲ್ಲಿ ಇದೆ. ಗ್ರಾಫಿಕ್ಸ್ ಇಲ್ಲದ ಪ್ರೊಸೆಸರನ್ನು ಹಾಕಿ ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಟಿವಿ ಜೋಡಿಸಿದರೆ ವರ್ಷವಿಡೀ ಕಾದರೂ ಚಿತ್ರ ಬರದು. ಬೆಲೆ ಸ್ವಲ್ಪ ಕಡಿಮೆ ಎಂದು ಆ ಅಕ್ಷರವನ್ನು ಕಡೆಗಣಿಸಿದವರು ಬೇರೆ ಗ್ರಾಫಿಕ್ಸ್ ಕಾರ್ಡ್‌ಗೆ ಸಾವಿರಗಟ್ಟಲೆ ಸುರಿಯಬೇಕಾಗುತ್ತದೆ.

ಎಚ್‌ಡಿಎಂಐ ಎಂಬ ಮಾತುಕತೆ

ಹಳೆಯ ಆ್ಯಂಟೆನಾ ವೈರಿನಲ್ಲಿ ಸಿಗ್ನಲ್ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಎಚ್‌ಡಿಎಂಐ ಹಾಗಲ್ಲ, ಅಲ್ಲಿ ಚಿತ್ರಕ್ಕೆ ಮುಂಚೆ ಮಾತುಕತೆ ನಡೆಯುತ್ತದೆ. ಮದುವೆಗೆ ಮುಂಚೆ ಜಾತಕ ಕಳಿಸಿದಂತೆ ಟಿವಿ ತನ್ನ ವಿವರಗಳನ್ನೆಲ್ಲ ಪಿಸಿಗೆ ಕಳಿಸುತ್ತದೆ: ನನ್ನ ಅಳತೆ ಇಷ್ಟು, ಸೆಕೆಂಡಿಗೆ ಇಷ್ಟು ಸಲ ಚಿತ್ರ ತೋರಿಸಬಲ್ಲೆ, ಇಂಥ ಧ್ವನಿ ನನಗೆ ಗೊತ್ತು. ಇದಕ್ಕೆ ಇಡಿಐಡಿ ಎಂದು ಹೆಸರು. ಪಿಸಿ ಅದನ್ನು ಓದಿಕೊಂಡು ಒಪ್ಪುವ ಚಿತ್ರ ಕಳಿಸಬೇಕು. ಸ್ಟ್ರೀಮಿಂಗ್ ಸಿನಿಮಾವಾದರೆ ನಕಲು ತಡೆಯುವ ಎಚ್‌ಡಿಸಿಪಿ ಎಂಬ ಬೀಗವೂ ಎರಡೂ ಕಡೆ ತೆರೆದುಕೊಳ್ಳಬೇಕು.

ಈ ಮಾತುಕತೆ ಮುರಿಯಲು ದೊಡ್ಡ ಕಾರಣವೇ ಬೇಕಿಲ್ಲ. ಟಿವಿಗಿಂತ ಮೊದಲು ಪಿಸಿ ಎದ್ದರೆ, ವಿವರ ಕೊಡುವವರಿಲ್ಲದೆ ಅದು ತಪ್ಪು ಅಳತೆಯ ಚಿತ್ರ ಹೊರಡಿಸಬಹುದು. ನಡುವೆ ಸೌಂಡ್‌ಬಾರ್ ಅಥವಾ ಆ್ಯಂಪ್ಲಿಫೈಯರ್ ಇದ್ದರೆ ಗೊಂದಲಕ್ಕೆ ಮೂರನೆಯವರೂ ಸೇರಿದಂತೆ. ಹೀಗಾಗಿ ಮೊದಲ ಪ್ರಯೋಗ: ನಡುವಿನದನ್ನು ತೆಗೆದು ಪಿಸಿಯನ್ನು ನೇರ ಟಿವಿಗೆ ಜೋಡಿಸಿ, ಎರಡನ್ನೂ ಗೋಡೆಯ ಸ್ವಿಚ್‌ನಲ್ಲೇ ಆರಿಸಿ, ಒಂದೆರಡು ನಿಮಿಷ ಬಿಟ್ಟು ಟಿವಿ ಮೊದಲು, ಪಿಸಿ ಆಮೇಲೆ ಎಂಬ ಕ್ರಮದಲ್ಲಿ ಹಚ್ಚಿ.

ಆಗಾಗ ಒಂದೆರಡು ಸೆಕೆಂಡ್ ಪರದೆ ಕಪ್ಪಾಗಿ ಮರಳುವುದು, ಚಿತ್ರದಲ್ಲಿ ಬಿಳಿ ಚುಕ್ಕಿಗಳು ಮಿಂಚುವುದು ಕೇಬಲ್ಲಿನ ದೂರು. 4ಕೆ ಚಿತ್ರವನ್ನು ಸೆಕೆಂಡಿಗೆ 60ರಂತೆ ಪೂರ್ಣ ಬಣ್ಣದಲ್ಲಿ ಸಾಗಿಸಲು 18 ಗಿಗಾಬಿಟ್ ವೇಗ ಬೇಕು. ಹಳೆಯ ‘ಹೈ ಸ್ಪೀಡ್’ ಕೇಬಲ್‌ಗೆ 10.2 ಗಿಗಾಬಿಟ್ ಮಾತ್ರ ನಿಗದಿಯಾಗಿತ್ತು. ಎಚ್‌ಡಿ ಟಿವಿಯಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದ ಕೇಬಲ್ 4ಕೆ ಟಿವಿ ತಂದ ದಿನವೇ ಕೈಕೊಡುವುದು ಇದಕ್ಕೆ. ಚಿನ್ನದ ಲೇಪ, ನೈಲಾನ್ ಹೆಣಿಗೆಗೆ ಮರುಳಾಗಬೇಡಿ. ‘ಪ್ರೀಮಿಯಂ ಹೈ ಸ್ಪೀಡ್’ ಎಂಬ ಪ್ರಮಾಣದ ಚೀಟಿಯಿರುವ ಎರಡು ಮೀಟರಿನ ಸಾದಾ ಕೇಬಲ್ ಸಾಕು. ಪ್ರೊಜೆಕ್ಟರ್‌ಗೆಂದು ಹಾಕುವ ಉದ್ದದ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್‌ಗೆ ದಿಕ್ಕು ಇರುತ್ತದೆ. ತಿರುಗುಮುರುಗಾಗಿ ಗೋಡೆಯೊಳಗೆ ಎಳೆಸಿದರೆ ಚಿತ್ರವೇ ಬರುವುದಿಲ್ಲ.

ಕೆಲವು ಟಿವಿಗಳು ಪೂರ್ಣ ವೇಗದ ಎಚ್‌ಡಿಎಂಐಯನ್ನು ತಾವಾಗಿ ತೆರೆಯುವುದಿಲ್ಲ. ಸೆಟ್ಟಿಂಗ್‌ನಲ್ಲಿ ಒಂದೊಂದು ಪೋರ್ಟಿಗೂ ಬೇರೆಯಾಗಿ ಅನುಮತಿ ಕೊಡಬೇಕು. ಪರದೆಯ ನಾಲ್ಕೂ ಅಂಚು ಕತ್ತರಿಸಿದಂತೆ ಕಂಡರೆ ಅದೂ ಟಿವಿಯ ಹಳೆಯ ಚಾಳಿಯೇ. ಚಿತ್ರದ ಅಳತೆಯ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಎಂಬಂಥ ಆಯ್ಕೆ ಹುಡುಕಿ. ಚಿತ್ರ ಬಂದು ಸದ್ದು ಬಾರದಿದ್ದರೆ ಪಿಸಿಯ ಧ್ವನಿ ಸೆಟ್ಟಿಂಗ್ ನೋಡಿ. ಹೆಚ್ಚಿನ ಸಲ ಅದು ಎಚ್‌ಡಿಎಂಐಯನ್ನು ಬಿಟ್ಟು ಹಿಂಬದಿಯ ಹೆಡ್‌ಫೋನ್ ಕಿಂಡಿಯತ್ತ ಹೋಗಿರುತ್ತದೆ.

ಮುಟ್ಟಿದರೆ ಜುಮ್ಮೆನ್ನುವ ಕ್ಯಾಬಿನೆಟ್

ಬರಿಗಾಲಲ್ಲಿ ನಿಂತು ಪಿಸಿಯ ಹಿಂಬದಿಯ ಲೋಹ ಸವರಿದಾಗ ಬೆರಳಿಗೆ ಜುಮ್ಮೆಂದರೆ, ಟೆಸ್ಟರ್ ಇಟ್ಟಾಗ ದೀಪ ಹತ್ತಿದರೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದುಕೊಳ್ಳುವವರು ಹೆಚ್ಚು. ಅನೇಕ ಸಲ ಕೆಟ್ಟಿರುವುದು ಗೋಡೆ.

ಎಸ್‌ಎಂಪಿಎಸ್‌ನೊಳಗೆ ವಿದ್ಯುತ್ತಿನ ಗದ್ದಲ ಅಡಗಿಸಲು ಫೇಸ್‌ನಿಂದ ಕ್ಯಾಬಿನೆಟ್ಟಿಗೆ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಇರುತ್ತವೆ. ಅವುಗಳ ಮೂಲಕ ಹರಿಯುವ ಸೂಕ್ಷ್ಮ ಕರೆಂಟ್ ಅರ್ಥ್ ವೈರಿನಲ್ಲಿ ನೆಲ ಸೇರಬೇಕು. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೇಲೆ ಮನೆಯ 230 ವೋಲ್ಟಿನ ಅರ್ಧದಷ್ಟು, ಸುಮಾರು 115 ವೋಲ್ಟ್, ತೇಲುತ್ತಿರುತ್ತದೆ. ಹರಿಯುವ ಪ್ರಮಾಣ ಅತ್ಯಲ್ಪವಾದ್ದರಿಂದ ಸರಿಯಿರುವ ಎಸ್‌ಎಂಪಿಎಸ್‌ನಲ್ಲಿ ಅದು ಬರೀ ಜುಮುಜುಮು. ಆದರೆ ಒಳಗೆ ನಿಜಕ್ಕೂ ಫೇಸ್ ವೈರ್ ತಗುಲಿದ ದಿನ ಕಾಪಾಡಲು ಏನೂ ಇರುವುದಿಲ್ಲ.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ತುರುಕುವುದು, ಅರ್ಥ್ ಪಿನ್ನಿಗೆ ಒಳಗೆ ವೈರೇ ಇಲ್ಲದ ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುವುದು ನಮ್ಮ ಮನೆಗಳಲ್ಲಿ ಮಾಮೂಲು. ಹಳೆಯ ಮನೆಗಳಲ್ಲಿ ಉಪ್ಪು, ಇದ್ದಿಲು ತುಂಬಿ ಮಾಡಿದ ಅರ್ಥ್ ಗುಂಡಿ ಬೇಸಿಗೆಗೆ ಒಣಗಿ, ನೀರು ಕಾಣದೆ ವರ್ಷಗಳೇ ಕಳೆದಿರುತ್ತವೆ. ಗುಂಡಿ ಇದ್ದೂ ಇಲ್ಲದಂತೆ.

ಇದಕ್ಕೂ ಸುಟ್ಟ ಎಚ್‌ಡಿಎಂಐ ಪೋರ್ಟಿಗೂ ನಂಟಿದೆ. ಪಿಸಿಯ ಲೋಹ 115 ವೋಲ್ಟಿನಲ್ಲಿ ತೇಲುತ್ತಿದೆ, ಸೆಟ್‌ಟಾಪ್ ಬಾಕ್ಸಿನ ಕೇಬಲ್ ಮೂಲಕ ಟಿವಿ ಇನ್ನೆಲ್ಲೋ ನೆಲ ಮುಟ್ಟಿದೆ ಎಂದಿಟ್ಟುಕೊಳ್ಳಿ. ಎರಡೂ ಚಾಲೂ ಇರುವಾಗ ಎಚ್‌ಡಿಎಂಐ ಚುಚ್ಚಿದರೆ ಆ ವ್ಯತ್ಯಾಸವೆಲ್ಲ ಕ್ಷಣಮಾತ್ರ ಕನೆಕ್ಟರಿನಲ್ಲೇ ಸಮವಾಗಬೇಕು. ಕೂದಲೆಳೆಯಷ್ಟು ಕಿಡಿ ಸಾಕು, ಐದು ವೋಲ್ಟಿನ ಚಿಪ್ಪಿನ ಕಥೆ ಮುಗಿಯುತ್ತದೆ. ಸ್ಪೀಕರಿನಲ್ಲಿ ಬಿಡದೆ ಕೇಳುವ ‘ಗುಂಯ್’ ಸದ್ದಿಗೂ ಬಹುತೇಕ ಇದೇ ಮೂಲ. ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಬಿಚ್ಚಿದ ಕೂಡಲೇ ಸದ್ದು ನಿಂತರೆ ಕಾರಣ ಸಿಕ್ಕಂತೆ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ, ಮುಖ್ಯವಾಗಿ ಕರಾವಳಿ–ಮಲೆನಾಡಿನಲ್ಲಿ, ಸಿಡಿಲು ವಿದ್ಯುತ್ ತಂತಿಯಲ್ಲಷ್ಟೇ ಬರುವುದಿಲ್ಲ. ಟಿವಿ ಕೇಬಲ್, ಇಂಟರ್ನೆಟ್ಟಿನ ತಾಮ್ರದ ವೈರ್‌ಗಳೂ ಅದಕ್ಕೆ ದಾರಿಯೇ. ಪ್ಲಗ್ ಮಾತ್ರ ಕಿತ್ತು ನೆಟ್‌ವರ್ಕ್ ಕೇಬಲ್ ಹಾಗೇ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ಸಿಡಿಲು ಹತ್ತಿರ ಬರುವ ಮೊದಲೇ ಎಲ್ಲವನ್ನೂ ಬಿಚ್ಚಿಬಿಡಿ.

ಕರೆಂಟ್ ಹೋದಾಗ ರೀಸ್ಟಾರ್ಟ್ ಆಗುವುದೇಕೆ?

ಮನೆಗೆಲ್ಲ ಇನ್ವರ್ಟರ್ ಇದೆ, ಫ್ಯಾನ್ ನಿಲ್ಲುವುದಿಲ್ಲ, ಲೈಟ್ ಆರುವುದಿಲ್ಲ. ಪಿಸಿ ಮಾತ್ರ ಪ್ರತಿ ಸಲ ಕುಸಿಯುತ್ತದೆ. ಎಸ್‌ಎಂಪಿಎಸ್ ವೀಕು ಎಂದು ಅಂಗಡಿಯವರು ಹೇಳಬಹುದು. ಇರಬಹುದು, ಆದರೆ ಮೊದಲು ಲೆಕ್ಕ ನೋಡಿ.

ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಪೂರ್ಣ ಹೊರೆಯಲ್ಲಿ ಕನಿಷ್ಠ 16–17 ಮಿಲಿಸೆಕೆಂಡ್ ನಿಭಾಯಿಸಬೇಕೆಂಬುದು ರೂಢಿಯ ನಿಯಮ. ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು. ಇನ್ವರ್ಟರ್ ಸಾಮಾನ್ಯ ಸ್ಥಿತಿಯಲ್ಲಿ ಬ್ಯಾಟರಿಗೆ ಹೊರಳಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಬಹಳಷ್ಟು ಇನ್ವರ್ಟರುಗಳ ಹಿಂಬದಿಯಲ್ಲಿ ‘ಯುಪಿಎಸ್’ ಎಂದು ಬರೆದ ಸಣ್ಣ ಸ್ವಿಚ್ಚಿರುತ್ತದೆ, ಅದನ್ನು ಒತ್ತಿದರೆ ಹೊರಳುವ ಅವಧಿ 10 ಮಿಲಿಸೆಕೆಂಡ್ ಆಸುಪಾಸಿಗೆ ಇಳಿಯುತ್ತದೆ. ಒಂದು ಸ್ವಿಚ್ಚಿನಿಂದ ಮುಗಿಯುವ ಕಾಯಿಲೆಗೆ ಹೊಸ ಎಸ್‌ಎಂಪಿಎಸ್ ಕೊಂಡವರು ಕಡಿಮೆಯೇನಲ್ಲ.

ಎಸ್‌ಎಂಪಿಎಸ್ಸೇ ಸೋತಿರುವ ಲಕ್ಷಣ ಬೇರೆ. ಸಿನಿಮಾ ಓಡುವಾಗ ಏನೂ ಇಲ್ಲ, ಹೊರೆ ಏರಿದ ಕೂಡಲೇ ಆರುತ್ತದೆ. ಬೆಳಗ್ಗೆ ನಾಲ್ಕೈದು ಸಲ ಒತ್ತಿದ ಮೇಲಷ್ಟೇ ಏಳುತ್ತದೆ. 12 ವೋಲ್ಟಿನ ಹಳದಿ ವೈರಿನಲ್ಲಿ 11.4ರಿಂದ 12.6ರ ನಡುವೆ, 5 ವೋಲ್ಟಿನ ಕೆಂಪಿನಲ್ಲಿ 4.75ರಿಂದ 5.25ರ ನಡುವೆ ಇರಬೇಕು. ಹಸಿರು ಮತ್ತು ಕಪ್ಪು ವೈರನ್ನು ಕೂಡಿಸಿ ಫ್ಯಾನ್ ತಿರುಗಿಸಿ ತೋರಿಸುವ ಅಂಗಡಿಯ ಪರೀಕ್ಷೆಯಿಂದ ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಎಂದಷ್ಟೇ ತಿಳಿಯುತ್ತದೆ, ಹೊರೆ ಹೊರುತ್ತದೆಯೇ ಎಂದು ತಿಳಿಯುವುದಿಲ್ಲ. ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದೇ ನಂಬಲರ್ಹ ಪರೀಕ್ಷೆ.

ಎಸ್‌ಎಂಪಿಎಸ್ ಅನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ಶಕ್ತಿ ಸ್ವಲ್ಪ ಹೊತ್ತು ಉಳಿದಿರಬಹುದು.

ರಬ್ಬರು, ರ‍್ಯಾಮು, ಪುಟ್ಟ ಬ್ಯಾಟರಿ

‘ಅಣ್ಣಾ, ಡಿಸ್‌ಪ್ಲೇ ಬರ್ತಿಲ್ಲ.’ ‘ರ‍್ಯಾಮ್ ಒರೆಸಿ ಹಾಕಿ ನೋಡಿದ್ರಾ ಸಾರ್?’ ಕರ್ನಾಟಕದ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿಬರುವ ಸಂವಾದ. ಇದರಲ್ಲಿ ಹುರುಳಿದೆ. ತೇವದ ಗಾಳಿ, ದೂಳು ಸೇರಿ ರ‍್ಯಾಮ್‌ನ ಹೊಂಬಣ್ಣದ ಪಟ್ಟಿಗಳ ಮೇಲೆ ಪೊರೆ ಕಟ್ಟುತ್ತದೆ. ಶಾಲೆಯ ಮಕ್ಕಳ ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿಯೆಲ್ಲ ಒರೆಸಿ, ಎರಡೂ ತುದಿ ಕ್ಲಿಕ್ ಎನ್ನುವಂತೆ ಕೂರಿಸಿದರೆ ಎಷ್ಟೋ ‘ಸತ್ತ’ ಪಿಸಿಗಳು ಏಳುತ್ತವೆ. ಚಿನ್ನದ ಲೇಪ ಬಹಳ ತೆಳುವಾದ್ದರಿಂದ ಪದೇ ಪದೇ ಉಜ್ಜಬಾರದು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ತಪ್ಪಿತಸ್ಥ ಸಿಗುತ್ತದೆ. ಹೊಸ ಡಿಡಿಆರ್5 ಬೋರ್ಡುಗಳು ಮೊದಲ ಸಲ ರ‍್ಯಾಮ್ ಪರಿಚಯ ಮಾಡಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತವೆ. ಗಾಬರಿಯಾಗಿ ಆರಿಸಿದರೆ ಮತ್ತೆ ಮೊದಲಿನಿಂದ.

ಇನ್ನೊಂದು ವಿಚಿತ್ರ ದೂರು: ಕೂಡಿಟ್ಟ ಸಿನಿಮಾಗಳೆಲ್ಲ ಓಡುತ್ತವೆ, ಇಂಟರ್ನೆಟ್ಟಿನ ತಾಣಗಳು ಮಾತ್ರ ‘ಸುರಕ್ಷಿತವಲ್ಲ’ ಎನ್ನುತ್ತ ತೆರೆಯುವುದಿಲ್ಲ. ಮೂಲೆಯ ತಾರೀಕು ನೋಡಿ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದರೆ, ಪ್ಲಗ್ ಕಿತ್ತಾಗಲೆಲ್ಲ ಗಡಿಯಾರ ಹಳೆಯ ವರ್ಷಕ್ಕೆ ಜಾರುತ್ತದೆ. ತಾಣಗಳ ಭದ್ರತಾ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ ಗಡಿಯಾರ ತಪ್ಪಿದ ಯಂತ್ರ ಯಾವುದನ್ನೂ ನಂಬುವುದಿಲ್ಲ. ನೆಟ್‌ವರ್ಕ್ ಹುಡುಕುತ್ತಾ ರೌಟರ್ ಬದಲಿಸುವ ಮುಂಚೆ ಈ ಬಿಲ್ಲೆಯನ್ನು ಬದಲಿಸಿ, ಬೆಲೆ ಹತ್ತಾರು ರೂಪಾಯಿಯಷ್ಟೇ. ಹಳೆಯದನ್ನು ಮಕ್ಕಳ ಕೈಗೆ ಸಿಗದಂತೆ ತೆಗೆದಿಡಿ. ನುಂಗಿದ ಬಿಲ್ಲೆ ಬ್ಯಾಟರಿ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು.

ಗಾಜಿನ ಬಾಗಿಲ ಹಿಂದಿನ ಬೇಗೆ

ಟಿವಿ ಶೋಕೇಸ್ ಮಾಡಿಸುವಾಗ ಬಡಗಿಗೆ ಪಿಸಿಯ ಗಾಳಿಯ ಯೋಚನೆ ಇರುವುದಿಲ್ಲ. ಮೂರು ಕಡೆ ಪ್ಲೈವುಡ್, ಮುಂದೆ ಗಾಜು, ನಡುವೆ ಪಿಸಿ, ಅದರ ಮೇಲೆ ಬಿಸಿ ಸೆಟ್‌ಟಾಪ್ ಬಾಕ್ಸ್. ಮೊದಲ ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಸಿನಿಮಾ ತಡವರಿಸಿದರೆ, ಫ್ಯಾನ್ ಕಿರುಚಿದರೆ, ಗಾಜು ತೆರೆದಿಟ್ಟು ನೋಡಿ. ಗುಣವಾದರೆ ಬೇರೆ ತಪಾಸಣೆ ಬೇಡ. ಬಹುತೇಕ ಪ್ರೊಸೆಸರುಗಳು 95–100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಸುಡದಿರಲೆಂದು ತಾವೇ ವೇಗ ಇಳಿಸಿಕೊಳ್ಳುತ್ತವೆ. ಆ ಇಳಿಕೆಯೇ ನಮಗೆ ಕೆಟ್ಟುಹೋದಂತೆ ಕಾಣುವುದು.

ವರ್ಷಕ್ಕೊಮ್ಮೆ ದೂಳು ತೆಗೆಯಿರಿ, ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದಿರಿ. ನಾಲ್ಕೈದು ವರ್ಷದ ಯಂತ್ರವಾದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿರುತ್ತದೆ, ಒರೆಸಿ ಹೊಸದು ಹಾಕಿ. ಹೊಸ ಕೂಲರಿನ ತಳದ ಪ್ಲಾಸ್ಟಿಕ್ ಪೊರೆ ಕೀಳಲು ಮರೆತು ಬೇಗೆಗೆ ಕಾರಣ ಹುಡುಕುವವರೂ ಇದ್ದಾರೆ.

ಡಿಸ್ಕು ಮುಂಚೆಯೇ ಹೇಳುತ್ತದೆ

ಹಾರ್ಡ್‌ಡಿಸ್ಕ್ ಸಾಯುವ ಮುಂಚೆ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ತನ್ನ ಆರೋಗ್ಯದ ಲೆಕ್ಕವನ್ನು ಅದೇ ಬರೆದುಕೊಂಡಿರುತ್ತದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಓದಬಹುದು. ಸ್ಥಳಾಂತರಿಸಿದ ಸೆಕ್ಟರುಗಳು, ಬಾಕಿ ಉಳಿದ ಸೆಕ್ಟರುಗಳು ಎಂಬ ಸಾಲುಗಳಲ್ಲಿ ಅಂಕಿ ಏರುತ್ತಿದ್ದರೆ ಮದುವೆಯ ವಿಡಿಯೊ ಇವತ್ತೇ ಬೇರೆಡೆ ನಕಲಿಸಿ. ‘ಸಿಆರ್‌ಸಿ’ ದೋಷದ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ, ಅದು ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿನ ದೂರು. ಕೇಬಲ್ ಬದಲಿಸಿದ ಮೇಲೆ ಆ ಅಂಕಿ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸರಿಹೋಯಿತೆಂದೇ ಅರ್ಥ.

ಕೀಬೋರ್ಡ್ ಕೇಳದಿದ್ದರೆ

ಸೋಫಾದಿಂದ ಒತ್ತಿದ ಕೀ ತಡವಾಗಿ ತಲುಪುತ್ತದೆ, ಮೌಸ್ ಕುಂಟುತ್ತದೆ. ಬ್ಯಾಟರಿ ಹೊಸದು. ಕಾರಣ ಪಕ್ಕದ ನೀಲಿ ಯುಎಸ್‌ಬಿ ಕಿಂಡಿಯಲ್ಲಿರುವ ಹಾರ್ಡ್‌ಡಿಸ್ಕ್ ಇರಬಹುದು. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಜ್ ಅಲೆಗಳಲ್ಲಿ ಗದ್ದಲ ಹೊರಡುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ತೋರಿಸಿತ್ತು. ವೈರ್‌ಲೆಸ್ ಕೀಬೋರ್ಡ್, ಮೌಸ್ ಬಹುಪಾಲು ಮಾತಾಡುವುದು ಅದೇ ಅಲೆಯಲ್ಲಿ. ಕೀಬೋರ್ಡಿನ ಬೆರಳುದ್ದದ ರಿಸೀವರನ್ನು ಸಣ್ಣ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರಿಗೆ ಹಾಕಿ ಟಿವಿಯ ಮುಂದಕ್ಕೆ ತಂದಿಡಿ. ಇಷ್ಟು ಅಗ್ಗದ, ಇಷ್ಟು ಖಚಿತ ಪರಿಹಾರ ಈ ಇಡೀ ಹವ್ಯಾಸದಲ್ಲಿ ಇನ್ನೊಂದಿಲ್ಲ.

ಕೆಟ್ಟಿಲ್ಲ, ವಯಸ್ಸಾಗಿದೆ

ಕೆಲವು ದೂರುಗಳಿಗೆ ಸ್ಕ್ರೂಡ್ರೈವರಿನಲ್ಲಿ ಉತ್ತರವಿಲ್ಲ. ಹಳೆಯ ಸಿನಿಮಾ ನಯವಾಗಿ ಓಡಿ, 4ಕೆ ಫೈಲ್ ಮಾತ್ರ ತಡವರಿಸಿದರೆ ವಿಡಿಯೊ ಕುಗ್ಗಿಸುವ ವಿಧಾನ ನೋಡಿ. 2003ರ ಎಚ್.264 ಅನ್ನು ಎಲ್ಲ ಯಂತ್ರವೂ ಬಿಡಿಸುತ್ತದೆ. 2013ರ ಎಚ್‌ಇವಿಸಿಯನ್ನು 4ಕೆ ಸಿನಿಮಾಗೆ ಬೇಕಾದ 10 ಬಿಟ್ ರೂಪದಲ್ಲಿ ಪೂರ್ಣವಾಗಿ ಬಿಡಿಸುವ ಸರ್ಕ್ಯೂಟ್ ಇಂಟೆಲ್‌ನಲ್ಲಿ ಬಂದದ್ದು 7ನೇ ತಲೆಮಾರಿಗೆ, 2018ರ ಎವಿ1ಗೆ 11ನೇ ತಲೆಮಾರಿಗೆ. ಕಚೇರಿಯಿಂದ ಬಂದ 4ನೇ ತಲೆಮಾರಿನ ಡೆಸ್ಕ್‌ಟಾಪ್ ಆ ಕೆಲಸವನ್ನು ಬರೀ ಬಲದಿಂದ ಮಾಡಲು ಹೋಗಿ ಏದುಸಿರು ಬಿಡುತ್ತದೆ. ಹೊಸದಾದರೆ ಎಲ್ಲ ಇರುತ್ತದೆ ಎಂದೂ ನಂಬುವಂತಿಲ್ಲ: 2023ರ ರಾಸ್ಪ್‌ಬೆರಿ ಪೈ 5ರಲ್ಲಿ ಎಚ್‌ಇವಿಸಿಗೆ ಸರ್ಕ್ಯೂಟ್ ಇದೆ, ಹಳೆಯ ಎಚ್.264ಗೆ ಇಲ್ಲ.

ಕ್ಯಾಮೆರಾ ಅಡ್ಡಡ್ಡ ಚಲಿಸುವಾಗ ಚಿತ್ರ ಜರ್ಕ್ ಹೊಡೆದರೆ ಅದು ದೋಷವೂ ಅಲ್ಲ, ವಯಸ್ಸೂ ಅಲ್ಲ. ಸಿನಿಮಾ ಸೆಕೆಂಡಿಗೆ 24 ಚಿತ್ರದ್ದು, ಟಿವಿ 60 ಸಲ ಮಿಡಿಯುತ್ತದೆ. ಭಾಗಿಸಿದರೆ ಎರಡೂವರೆ. ಹಾಗಾಗಿ ಒಂದು ಚಿತ್ರ ಎರಡು ಮಿಡಿತ, ಮುಂದಿನದು ಮೂರು ಮಿಡಿತ ನಿಲ್ಲುತ್ತದೆ. ಕೋಡಿಯ ಸೆಟ್ಟಿಂಗ್‌ನಲ್ಲಿ ಟಿವಿಯ ಮಿಡಿತವನ್ನು ಸಿನಿಮಾಗೆ ಹೊಂದಿಸುವ ಆಯ್ಕೆ ಇದೆ, ಹಚ್ಚಿಬಿಡಿ.

ಎಲ್ಲಿಗೆ ನಿಲ್ಲಿಸಬೇಕು

ಕೇಬಲ್, ಬ್ಯಾಟರಿ, ಫ್ಯಾನ್, ರ‍್ಯಾಮ್, ಎಸ್‌ಎಂಪಿಎಸ್‌ವರೆಗೆ ದುಡ್ಡು ಹಾಕುವುದು ಸರಿ, ಹೆಚ್ಚಿನವು ನಾಳೆ ಬೇರೆ ಪಿಸಿಗೂ ಬರುತ್ತವೆ. ಸತ್ತದ್ದು ಹತ್ತು ವರ್ಷದ ಮದರ್‌ಬೋರ್ಡ್ ಎಂದು ಖಚಿತವಾದರೆ ಅದೇ ಸಾಕೆಟ್ಟಿನ ಇನ್ನೊಂದು ಬೋರ್ಡಿಗಾಗಿ ಅಂಗಡಿ ಅಲೆಯಬೇಡಿ. ಗ್ಯಾರಂಟಿಯಿಲ್ಲದ ಆ ಹಳೆಯ ಬೋರ್ಡಿಗೆ ಕೇಳುವ ಬೆಲೆಗೆ ಇನ್ನಷ್ಟು ಸೇರಿಸಿದರೆ 8ನೇ ತಲೆಮಾರಿನ ಅಥವಾ ಅದಕ್ಕೂ ಹೊಸ ಕಚೇರಿ ಮಿನಿ ಪಿಸಿ ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದ್ದು, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಬಹುಮಟ್ಟಿಗೆ ಆ ತಲೆಮಾರಿನಿಂದ ಈಚಿನವನ್ನೇ. ಸಿನಿಮಾ ನೋಡುವುದಷ್ಟೇ ಕೆಲಸವಾದರೆ ಹಳೆಯ ಯಂತ್ರಕ್ಕೆ ಲಿನಕ್ಸ್ ಆಧಾರಿತ ಲಿಬ್ರೆಎಲೆಕ್ ಸಾಕು, ಅದು ಕೋಡಿಯನ್ನು ನೇರವಾಗಿ ತೆರೆಯುತ್ತದೆ.

ಏನೇ ಕೊಳ್ಳುವ ಮುಂಚೆ ಒಬ್ಬ ಎಲೆಕ್ಟ್ರಿಷಿಯನ್ನನನ್ನು ಕರೆಸಿ ಟಿವಿ ಹಿಂದಿನ ಸಾಕೆಟ್ ಅಳತೆ ಮಾಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟಿನ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು–ಮೂರು ವೋಲ್ಟಿನೊಳಗೆ ಬರಬೇಕು. ಬಾರದಿದ್ದರೆ ಹೊಸ ಪಿಸಿ ತರುವುದನ್ನು ಮುಂದೂಡಿ, ಅರ್ಥಿಂಗ್ ಮೊದಲು ಮಾಡಿಸಿ.